ಜನ ಬಂದರು, ಗಿರಾಕಿ ಬಂದರಾ?

"ಅಕ್ಕಾರೆ, ಮೇಳದಾಗ ನಾವೂ ಒಂದು ಸ್ಟಾಲ್ ಹಾಕಬೇಕಂತ ಮಾಡೀವ್ರಿ, ಲಾಭ ಅದೇನು?" ಅಂತ ಕೇಳುವವರು ಈಗೀಗ ಜಾಸ್ತಿ ಆಗಿದ್ದಾರೆ. ಫೋನಲ್ಲಿ ಎರಡು ಮಾತಲ್ಲಿ ಮುಗಿಸುವ ವಿಷಯ ಅಲ್ಲ, ಹಾಗಾಗಿ ಬರೆದೇ ಬಿಡೋಣ ಅನಿಸಿತು. ಲಾಭ ಇದೆ. ಆದರೆ ಮೈದಾನದಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಜನ ಸೇರಿದರು ಅಂತ ನಿಮ್ಮ ಗಲ್ಲೆ ತುಂಬುವುದಿಲ್ಲ. ಜನ ಬೇರೆ, ಗಿರಾಕಿ ಬೇರೆ. ನಾನು ಹೇಳಬೇಕಾದ್ದು ಹೆಚ್ಚು ಕಡಿಮೆ ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ನಮ್ಮದು ದೊಡ್ಡ ವ್ಯಾಪಾರ ಏನಲ್ಲ. ನಾನು, ನಮ್ಮ ವೈನಿ (ಅತ್ತಿಗೆ), ಓಣಿಯ ಕೆಲವು ಹೆಣ್ಣುಮಕ್ಕಳು. ಖಡಕ್ ಜೋಳದ ರೊಟ್ಟಿ, ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ), ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಪುಟಾಣಿ ಹಿಂಡಿ, ಜೊತೆಗೆ ಒಂದೊಂದು ಕೆಜಿಯ ತೊಗರಿ ಬೇಳೆ ಪಾಕೀಟು. ವರ್ಷವಿಡೀ ಮನೆಯಿಂದಲೇ ಮಾರುತ್ತೇವೆ. ಕಲಬುರಗಿಯಲ್ಲಿ ಎನ್.ವಿ. ಮೈದಾನದಲ್ಲೋ ಬೇರೆ ಬಯಲಲ್ಲೋ ಶನಿವಾರ, ರವಿವಾರ ಸೇರಿಸಿ ಸಿರಿಧಾನ್ಯ ಮೇಳ, ಆಹಾರ ಮೇಳ, ಸ್ವಸಹಾಯ ಸಂಘಗಳ ಮೇಳ ಅಂತ ಏನಾದರೂ ನಡೆದರೆ ಅಲ್ಲಿಗೂ ಹೋಗುತ್ತೇವೆ. 2023ನ್ನು ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆ ಘೋಷಿಸಿದ ಮೇಲೆ ಇಂಥ ಮೇಳಗಳ ಭರಾಟೆ ಜೋರಾಯಿತು. ನಮ್ಮ ಜಿಲ್ಲೆಯಲ್ಲೇ ಕಲಬುರಗಿ ರೊಟ್ಟಿ ಅಂತ ಬ್ರ್ಯಾಂಡ್ ಬಂತು, 2025ರ ಜೂನ್‌ನಲ್ಲಿ ಪ್ರಧಾನಿ ಮನ್ ಕೀ ಬಾತ್‌ನಲ್ಲಿ ಅದರ ಮಾತಾಡಿದರು. ಅದಾದ ಮೇಲೆ ರೊಟ್ಟಿ ಅಂದರೆ ಮೂಗು ಮುರಿಯುತ್ತಿದ್ದ ಮಂದಿಯೂ ಸ್ಟಾಲ್ ಮುಂದೆ ನಿಂತು ಸೆಲ್ಫಿ ತೆಗೆಸಿಕೊಳ್ಳಲು ಶುರು ಮಾಡಿದರು. ಸೆಲ್ಫಿಗೆ ದುಡ್ಡು ಇಲ್ಲ, ಇರಲಿ.

ಮೊದಲು ಹವಾಮಾನದ ಮಾತು. ನಮ್ಮ ಕಡೆ ಬಯಲಲ್ಲಿ ಅಂಗಡಿ ಹಾಕುವವರಿಗೆ ನವೆಂಬರಿನಿಂದ ಫೆಬ್ರುವರಿ ತನಕ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಹೋಳಿ ಹುಣ್ಣಿಮೆ ಆಗಿ ಶರಣಬಸವೇಶ್ವರ ಜಾತ್ರೆ, ಆಗಲೇ ಬಿಸಿಲು ತಲೆ ಮೇಲೆ ಕೂತಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು, ಆ ಹೊತ್ತಲ್ಲಿ ಯಾರಾದರೂ ಬೆಳಿಗ್ಗೆ 11ಕ್ಕೆ ಮೇಳ ಉದ್ಘಾಟನೆ ಇಟ್ಟರೆ ಅವರು ಎಂದೂ ಮೈದಾನದಲ್ಲಿ ನಿಂತವರಲ್ಲ ಅಂತ ತಿಳಿಯಿರಿ.

ಜಾತ್ರೆ ಅಂದೆನಲ್ಲ, ಅಲ್ಲಿಯ ವ್ಯಾಪಾರಿಗಳೇ ಬೇರೆ. ಬಳೆ, ಆಟಿಕೆ ಸಾಮಾನು, ಬೆಂಡು ಬತ್ತಾಸು ಹೊತ್ತು ಜಾತ್ರೆಯಿಂದ ಜಾತ್ರೆಗೆ ಹೋಗುವವರು. ನಮ್ಮಂಥವರಿಗೆ ಅವರೇ ಗುರುಗಳು. ಒಬ್ಬ ಬಳೆಗಾರ್ತಿ ಅಮ್ಮ ತಾಡಪತ್ರಿ ಕಟ್ಟುವುದನ್ನು ನಿಂತು ನೋಡಿದ್ದೇನೆ. ನಾಲ್ಕೂ ಮೂಲೆ ಒಂದೇ ಎತ್ತರಕ್ಕೆ ಕಟ್ಟುವುದಿಲ್ಲ. ಹಿಂದಿನ ಎರಡು ಮೂಲೆ ಒಂದು ಮೊಳ ತಗ್ಗಿಸುತ್ತಾಳೆ, ಪಶ್ಚಿಮದ ಕಡೆ ಒಂದು ಹಳೆ ಸೀರೆ ಇಳಿಬಿಡುತ್ತಾಳೆ, ಹಗ್ಗದ ತುದಿಗೆ ಗೂಟದ ಬದಲು ಮಣ್ಣು ತುಂಬಿದ ಚೀಲ. "ಗೂಟ ಕಿತ್ತು ಬರ್ತಾವ ತಂಗಿ, ಚೀಲ ಬರಂಗಿಲ್ಲ" ಅಂದಳು. ಅದಾಗಿ ಸ್ವಲ್ಪ ಹೊತ್ತಿಗೆ ಸಂಜೆಯ ಗಾಳಿ ಎದ್ದು ಪಕ್ಕದ ಸಾಲಿನ ಬಣ್ಣದ ಟೆಂಟ್ ಮಗುಚಿತು. ಅವಳ ತಾಡಪತ್ರಿ ಪಟಪಟ ಬಡಿದುಕೊಂಡು ಅಲ್ಲೇ ನಿಂತಿತು. ಈಗ ನಮ್ಮದೂ ಹಾಗೇ. ಖಾಲಿ ಚೀಲ ಒಯ್ದರೆ ಸಾಕು, ಮಣ್ಣು ಅಲ್ಲೇ ಸಿಗುತ್ತದೆ.

ಜಾಗದ ವಿಷಯದಲ್ಲಿ ಮೇಳದವರ ಜೊತೆ ಸ್ವಲ್ಪ ಜಗಳ ಮಾಡಿದರೂ ಪರವಾಗಿಲ್ಲ. ಎಲ್ಲರೂ ಬಾಗಿಲ ಹತ್ತಿರದ ಸ್ಟಾಲ್‌ಗೆ ಮುಗಿಬೀಳುತ್ತಾರೆ. ನಾನು ಹೊರಗೆ ಹೋಗುವ ದಾರಿಯಲ್ಲಿ ಕೇಳುತ್ತೇನೆ. ಒಳಗೆ ಬರುವವರ ಕೈಯಲ್ಲಿ ಮಕ್ಕಳಿರುತ್ತಾರೆ, ಕಣ್ಣು ಜೋಕಾಲಿ ಮೇಲೆ, ಮನಸ್ಸು ಸ್ಟೇಜ್ ಮೇಲೆ. ಈಗಲೇ ರೊಟ್ಟಿ ಕೊಂಡು ಮೂರು ತಾಸು ಹೊತ್ತು ತಿರುಗಲು ಯಾರಿಗೆ ಹುಚ್ಚು? "ಬರ್ತಾ ತಗೋತೀವಿ ಅಕ್ಕಾ" ಅಂತ ಹೇಳಿ ಹೋಗುತ್ತಾರೆ, ಬೇರೆ ಬಾಗಿಲಿಂದ ಹೊರಬೀಳುತ್ತಾರೆ. ಹೊರಗೆ ಹೋಗುವವರದು ಹಾಗಲ್ಲ. ಹೊಟ್ಟೆ ತುಂಬಿದೆ, ಮಕ್ಕಳು ಸುಸ್ತಾಗಿವೆ, ಮನೆಗೆ ಏನಾದರೂ ಒಯ್ಯೋಣ ಅನ್ನುವ ಮನಸ್ಸಿರುತ್ತದೆ.

ಇನ್ನೊಂದು, ಮಿರ್ಚಿ ಭಜಿ ಅಂಗಡಿಯ ಪಕ್ಕ ಸಿಕ್ಕಿತು ಅಂತ ಖುಷಿ ಪಡಬೇಡಿ. ಸುಸಲಾ (ಒಗ್ಗರಣೆ ಮಂಡಕ್ಕಿ), ಮಿರ್ಚಿ ಇದ್ದಲ್ಲಿ ಜನ ಗುಂಪು ಕಟ್ಟುತ್ತಾರೆ ನಿಜ, ಆದರೆ ಆ ಗುಂಪು ನಿಮಗೆ ಬೆನ್ನು ಕೊಟ್ಟು ನಿಲ್ಲುತ್ತದೆ, ನಿಮ್ಮ ಟೇಬಲ್ ಮೇಲೆ ಎಣ್ಣೆ ಪ್ಲೇಟು ಇಟ್ಟು ತಿನ್ನುತ್ತದೆ. ಹೊಗೆ ಬೇರೆ. ನಾಲ್ಕು ಅಂಗಡಿ ಆಚೆ ಇದ್ದರೆ ಒಳ್ಳೆಯದು. ಖಾರ ತಿಂದ ಬಾಯಿ ಆರುವ ಹೊತ್ತಿಗೆ ನಮ್ಮ ಮುಂದೆ ಬಂದಿರುತ್ತಾರೆ.

ಈಗ ರೊಟ್ಟಿ. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಕೇಳುವವರಲ್ಲಿ ಹೆಚ್ಚಿನವರು ರೊಟ್ಟಿ ಮಾರಲು ಹೊರಟವರೇ.

ನಮ್ಮಲ್ಲಿ ಹಿಂಗಾರಿ ಬಿಳಿ ಜೋಳ, ಮಾಲದಂಡಿ ತಳಿ. ಹಿಟ್ಟು ಬೀಸಿಸಿ ಜಾಸ್ತಿ ದಿನ ಇಟ್ಟರೆ ಜಿಗಿ ಹೋಗುತ್ತದೆ. ಜಿಗಿ ಇಲ್ಲದ ಹಿಟ್ಟು ಎಷ್ಟೇ ಬಿಸಿನೀರು ಹಾಕಿ ನಾದಿದರೂ ಬಡಿಯುವಾಗ ಅಂಚು ಬಿರಿಯುತ್ತದೆ. ಜೋಳದಲ್ಲಿ ಗೋಧಿಯ ಹಾಗೆ ಹಿಡಿದಿಡುವ ಅಂಟು ಇಲ್ಲ, ಎಲ್ಲ ಬಿಸಿನೀರಿನದೂ ಕೈಯದೂ ಕೆಲಸ. ಹಾಗಾಗಿ ಮೇಳದ ವಾರ ಗಿರಣಿಗೆ ಎರಡೆರಡು ಸಲ ಹೋಗುವುದು ಇದ್ದದ್ದೇ. ಹಂಚಿನ ಮೇಲೆ ಸುಟ್ಟ ಬಿಸಿ ರೊಟ್ಟಿಯನ್ನು ಆಮೇಲೆ ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತಿ ಒತ್ತಿ ಖಡಕ್ ಮಾಡಬೇಕು. ಒಳಗಿನ ಪಸೆ ಪೂರ್ತಿ ಹೋಗಬೇಕು. ಪಸೆ ಹೋದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ನಡುವೆ ಒಂದು ರೂಪಾಯಿ ಅಗಲದಷ್ಟು ಮೆತ್ತಗೆ ಉಳಿದರೂ ಸಾಕು, ಪಾಕೀಟಿನೊಳಗೆ ಅಲ್ಲಿಂದಲೇ ಬೂಸು ಹಿಡಿಯುತ್ತದೆ. ನಮ್ಮ ವೈನಿ ಪ್ರತಿ ರೊಟ್ಟಿಯನ್ನೂ ಬೆರಳ ಗೆಣ್ಣಿನಿಂದ ಟಕ್ ಅಂತ ಬಡಿದು, ಸಪ್ಪಳ ಕೇಳಿಯೇ ಬುಟ್ಟಿಗೆ ಹಾಕುತ್ತಾಳೆ. ಸಪ್ಪಳ ಮಂದ ಆದರೆ ವಾಪಸ್ ಹಂಚಿಗೆ. ನನಗೆ ಆ ಕಿವಿ ಇಲ್ಲ, ನಾನು ಕೈಯಲ್ಲಿ ಒತ್ತಿ ನೋಡುತ್ತೇನೆ, ಒತ್ತಿದರೆ ಮುರಿಯುತ್ತದೆ, ಅವಳಿಗೆ ಸಿಟ್ಟು ಬರುತ್ತದೆ.

ಮುರಿಯುವುದೇ ದೊಡ್ಡ ತಲೆನೋವು. ಮನೆಯಿಂದ ಮೈದಾನಕ್ಕೆ ಟಂಟಂ ಆಟೋದಲ್ಲಿ ಹೋಗಬೇಕು, ಹಾದಿಯಲ್ಲಿ ಎಷ್ಟು ಸ್ಪೀಡ್ ಬ್ರೇಕರ್, ಎಷ್ಟು ತಗ್ಗು ಅಂತ ನಿಮಗೆ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಕ್ರೇಟಿನಲ್ಲಿ ನಿಲ್ಲಿಸಿ ಒಯ್ದರೆ ಅಂಚು ಹೋಗುತ್ತದೆ. ಬಿದಿರಿನ ಅಗಲ ಬುಟ್ಟಿಯೇ ಸರಿ. ತಳಕ್ಕೆ ಹಳೆ ಕೌದಿ ಮಡಚಿ ಹಾಕಿ, ಮೇಲೆ ಒಗೆದ ಪಂಚೆ ಹಾಸಿ, ಒಂದು ಡಜನ್ ರೊಟ್ಟಿಯ ಪಾಕೀಟುಗಳನ್ನು ಮಲಗಿಸಿ ಜೋಡಿಸಬೇಕು, ಮೇಲೆ ಆರಕ್ಕಿಂತ ಜಾಸ್ತಿ ಪಾಕೀಟು ಏರಿಸಬಾರದು. ಬುಟ್ಟಿಯ ಬದಿಗೆ ಸಂದು ಬಿಡದಂತೆ ಅರಿವೆ ತುರುಕಬೇಕು. ಪೇಪರಿನಲ್ಲಿ ಸುತ್ತಬೇಡಿ. ಹಳೆ ಸುದ್ದಿಪತ್ರಿಕೆಯಲ್ಲಿ ತಿನ್ನುವ ವಸ್ತು ಕಟ್ಟಬಾರದು ಅಂತ ಕಾನೂನೇ ಇದೆ, ಮಸಿ ಹತ್ತುತ್ತದೆ. ನಮ್ಮ ಟಂಟಂ ಕಾಕಾ ಪ್ರತಿ ಸಲ ಕೇಳುತ್ತಾರೆ, "ಒಳಗ ಏನು ಗಾಜಿನ ಸಾಮಾನು ಅದೇನ್ ಬೇ?" ಅಂತ. ಹೌದು ಕಾಕಾ, ಗಾಜೇ.

ಇಷ್ಟೆಲ್ಲ ಮಾಡಿದರೂ ಮುರಿಯುತ್ತವೆ. ಮುರಿದವನ್ನು ಎಸೆಯುವುದಿಲ್ಲ, ಅವೇ ನಮ್ಮ ಜಾಹೀರಾತು. ಟೇಬಲ್ ಮುಂದೆ ಒಂದು ಸ್ಟೀಲ್ ತಾಟಿನಲ್ಲಿ ರೊಟ್ಟಿ ಚೂರು, ಪಕ್ಕದಲ್ಲಿ ನಾಲ್ಕು ಬಟ್ಟಲಲ್ಲಿ ನಾಲ್ಕು ಹಿಂಡಿ, ಒಂದು ಸಣ್ಣ ಬಾಟಲಿಯಲ್ಲಿ ಶೇಂಗಾ ಎಣ್ಣೆ. ಮಾತಾಡಬಾರದು. ಸುಮ್ನೆ ಒಂದು ಚೂರಿಗೆ ಹಿಂಡಿ ಹಚ್ಚಿ, ಮೇಲೆ ಎರಡು ಹನಿ ಎಣ್ಣೆ ಬಿಟ್ಟು ಕೈಗೆ ಕೊಡಬೇಕು. ಬೇಡ ಅನ್ನುವವರು ಕಡಿಮೆ. ಬಾಯಿಗೆ ಹಾಕಿಕೊಂಡು ಕಟುಂ ಅನಿಸಿದ ಮೇಲೆ ಮುಖ ನೋಡಬೇಕು. ತಿಂದು ಕೈ ಒರೆಸಿಕೊಂಡು ಮೊಬೈಲ್ ನೋಡಿದರೆ ಅವರು ಜನ. ತಿಂದು ಬಟ್ಟಲ ಕಡೆ ಕಣ್ಣು ಹೋಗಿ, "ಇದ್ರಾಗ ಬಳ್ಳೊಳ್ಳಿ ಜಾಸ್ತಿ ಹಾಕೀರೇನು?" ಅಂತ ಕೇಳಿದರೆ ಅವರು ಗಿರಾಕಿ. ಅಡುಗೆಯ ಬಗ್ಗೆ ಪ್ರಶ್ನೆ ಕೇಳುವವರು ಕೊಳ್ಳುತ್ತಾರೆ, ತಪ್ಪು ಹುಡುಕುವವರು ಖಂಡಿತ ಕೊಳ್ಳುತ್ತಾರೆ. "ನಮ್ಮವ್ವ ಮಾಡ್ತಿದ್ಲು, ಅಂಥಾದ್ದು ಇದಲ್ಲ ಬಿಡ್ರಿ" ಅಂದವರೊಬ್ಬರು ಮೂರು ಡಬ್ಬಿ ಒಯ್ದರು. "ಛಲೋ ಅದ, ಭಾಳ ಛಲೋ ಅದ" ಅಂತ ಹೊಗಳಿದವರು ಹೊಗಳುತ್ತಲೇ ಮುಂದೆ ಹೋದರು.

ಹಿಂಡಿಯ ಬಗ್ಗೆ ಒಂದು ಮಾತು. ಶೇಂಗಾ ಹುರಿದು, ಸಿಪ್ಪೆ ತೆಗೆದು, ಒಣ ಖಾರ, ಬಳ್ಳೊಳ್ಳಿ, ಜೀರಿಗೆ, ಉಪ್ಪು ಸೇರಿಸಿ ಒಳಕಲ್ಲಿನಲ್ಲಿ ಕುಟ್ಟಿದರೆ ಎಣ್ಣೆ ಹದವಾಗಿ ಬಿಟ್ಟುಕೊಳ್ಳುತ್ತದೆ. ಮಿಕ್ಸಿಯಲ್ಲಿ ಒಂದೇ ಸಮ ತಿರುಗಿಸಿದರೆ ಬಿಸಿಯೇರಿ ಮುದ್ದೆ ಆಗುತ್ತದೆ, ಆ ರುಚಿ ಬರಲ್ಲ. ಆದರೆ ಮೇಳದ ಮಾಲು ಪೂರ್ತಿ ಕುಟ್ಟಲು ಆಗುತ್ತದಾ? ನಾವು ಶೇಂಗಾ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಬಳ್ಳೊಳ್ಳಿ ಖಾರ ಮಾತ್ರ ಕುಟ್ಟಿ ಆಮೇಲೆ ಬೆರೆಸುತ್ತೇವೆ. ಬಳ್ಳೊಳ್ಳಿಯಲ್ಲಿ ನೀರಿನ ಅಂಶ ಇರುತ್ತದೆ, ಹಾಗಾಗಿ ಬಳ್ಳೊಳ್ಳಿ ಹಿಂಡಿಗೆ ಬಾಳಿಕೆ ಕಡಿಮೆ. ಪರ ಊರಿಗೆ ಕಳಿಸುವವರಿಗೆ ಬಳ್ಳೊಳ್ಳಿ ಇಲ್ಲದ್ದನ್ನೇ ಕೊಡುವುದು. ಖಾರಕ್ಕೆ ಬ್ಯಾಡಗಿ ಬಣ್ಣ ಕೊಡುತ್ತದೆ, ಗುಂಟೂರು ಉರಿ ಕೊಡುತ್ತದೆ, ಎರಡೂ ಬೇಕು.

ಕಾಗದಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ, ಬೇಸರದ ವಿಷಯ, ಆದರೆ ಬಿಡುವಂತಿಲ್ಲ. ಆಹಾರ ಮಾರುವವರು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಲೇಬೇಕು. ನಮ್ಮಂಥ ಸಣ್ಣವರಿಗೆ ಫೀಸು ಕಡಿಮೆ, ವರ್ಷಕ್ಕೆ 100 ರೂಪಾಯಿ. ಅದರ 14 ಅಂಕಿಯ ನಂಬರ್ ಪಾಕೀಟಿನ ಮೇಲೆ ಇರಬೇಕು. ಜೊತೆಗೆ ಸಸ್ಯಾಹಾರದ ಹಸಿರು ಚುಕ್ಕಿ, ತೂಕ, ಬೆಲೆ, ಮಾಡಿದ ತಾರೀಖು, ಎಷ್ಟು ದಿನ ಬಾಳುತ್ತದೆ, ಏನೇನು ಹಾಕಿದೆ. ಶೇಂಗಾ ಇದೆ ಅಂತ ದಪ್ಪಗೆ ಬರೆಯಿರಿ, ಕೆಲವರಿಗೆ ಅದು ಆಗಿಬರುವುದಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಮನೆಯಲ್ಲೇ ತೂಗಿ ಪಾಕೀಟು ಮಾಡಿಕೊಂಡು ಹೋದರೂ ತಕ್ಕಡಿ ಜೊತೆಗಿರಲಿ. ನಮ್ಮೂರಲ್ಲಿ ಬೇಳೆ ಕೊಳ್ಳುವ ಹಿರಿಯರು ಪಾಕೀಟಿನ ಮೇಲೆ ಬರೆದದ್ದು ನಂಬುವುದಿಲ್ಲ, "ಹಾಕ್ರಿ ತಕ್ಕಡಿ ಮ್ಯಾಲ" ಅನ್ನುತ್ತಾರೆ. ಹಾಕಿ ತೋರಿಸಿದ ಮೇಲೆ ಎರಡು ಕೆಜಿ ಒಯ್ಯುತ್ತಾರೆ.

ದುಡ್ಡು ತಗೊಳ್ಳುವ ವಿಷಯ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಹೋದಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ನಗದು ಮಾತ್ರ ಅಂತ ಬೋರ್ಡ್ ಹಾಕಿದರು. ಆ ಗಾಳಿ ನಮ್ಮ ಕಡೆಗೂ ಬಂತು, ಕ್ಯೂಆರ್ ಕೋಡ್ ತೆಗೆದುಬಿಡೋಣ್ವಾ ಅಂತ ಓಣಿಯವರೆಲ್ಲ ಕೇಳಿದರು. ರಾಜ್ಯದೊಳಗೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 40 ಲಕ್ಷ ದಾಟಿದರೆ. ನಮ್ಮ ರೊಟ್ಟಿ 40 ಲಕ್ಷ ದಾಟಲಿ ಅಂತ ನಾನೇ ದೇವರಿಗೆ ಕಾಯಿ ಒಡೆಸುತ್ತೇನೆ. ಕ್ಯೂಆರ್ ಇರಲಿ. ತೊಂದರೆ ಬೇರೆ ಕಡೆ ಇದೆ. ರವಿವಾರ ಸಂಜೆ ಏಳರಿಂದ ಒಂಬತ್ತರ ತನಕ ಮೈದಾನದಲ್ಲಿ ನೆಟ್‌ವರ್ಕ್ ಸತ್ತುಹೋಗುತ್ತದೆ, ಎಲ್ಲರ ಫೋನಿನಲ್ಲೂ ಚಕ್ರ ತಿರುಗುತ್ತಾ ಇರುತ್ತದೆ, ದುಡ್ಡು ಕಟ್ ಆಯಿತು ಅಂತ ಅವರು, ಬಂದಿಲ್ಲ ಅಂತ ನಾವು. ಹಿಂದೆ ನಿಂತವರು ಬೇಸತ್ತು ಹೊರಟು ಹೋಗುತ್ತಾರೆ. ಅದಕ್ಕೆ ಬೆಲೆಯನ್ನೇ ನೋಟಿಗೆ ಹೊಂದಿಸಿದ್ದೇವೆ: ಒಂದು ಡಜನ್ ರೊಟ್ಟಿ 120, ಒಂದು ಡಬ್ಬಿ ಹಿಂಡಿ 80, ಎರಡೂ ಸೇರಿದರೆ 200ರ ಒಂದು ನೋಟು. 10, 20ರ ಚಿಲ್ಲರೆ ಬೆಳಿಗ್ಗೆಯೇ ಕಟ್ಟು ಕಟ್ಟಿ ಇಡುವುದು. ಮಧ್ಯಾಹ್ನ ಪಕ್ಕದ ಸ್ಟಾಲಿನವರು ಚಿಲ್ಲರೆ ಕೇಳಲು ಬರುತ್ತಾರೆ, ನಗುತ್ತಾ ಇಲ್ಲ ಅನ್ನಬೇಕು. ಕಷ್ಟ, ಆದರೆ ಅನ್ನಬೇಕು.

ಶನಿವಾರ ಮಧ್ಯಾಹ್ನದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಎದೆಗುಂದಬೇಡಿ. ಬೋಣಿ ಆಗುವ ತನಕ ನಮ್ಮ ವೈನಿ ಕುರ್ಚಿಯಲ್ಲಿ ಕೂರುವುದಿಲ್ಲ, ನೀರೂ ಕುಡಿಯುವುದಿಲ್ಲ. ಉದ್ಘಾಟನೆ 11ಕ್ಕೆ ಅಂದವರು ಒಂದೂವರೆಗೆ ಮಾಡುತ್ತಾರೆ. ಗಣ್ಯರು ಬರುತ್ತಾರೆ, ಪ್ರತಿ ಸ್ಟಾಲ್‌ನಲ್ಲಿ ಒಂದು ಚೂರು ಬಾಯಿಗೆ ಹಾಕುತ್ತಾರೆ, ಫೋಟೋ ಆಗುತ್ತದೆ, ಅವರ ಹಿಂದೆ ಬಂದ ಐವತ್ತು ಮಂದಿ ತಾಟು ಖಾಲಿ ಮಾಡಿ ಹೋಗುತ್ತಾರೆ. ಗಲ್ಲೆಯಲ್ಲಿ ಏನೂ ಇಲ್ಲ. ಆ ಹೊತ್ತಿಗೆ ರುಚಿಯ ತಾಟು ಒಳಗಿಟ್ಟುಬಿಡುವುದು ನಾನು ಕಂಡುಕೊಂಡ ಉಪಾಯ. ಯಾರೂ ಬೇಜಾರು ಮಾಡಿಕೊಂಡಿಲ್ಲ, ಫೋಟೋಗೆ ಇಡೀ ರೊಟ್ಟಿಯೇ ಚೆಂದ ಕಾಣುತ್ತದೆ.

ಮೇಳದವರು ಬಾಡಿಗೆ ತಗೊಳ್ಳುವಾಗ ಒಂದು ಟೇಬಲ್, ಎರಡು ಕುರ್ಚಿ, ಒಂದು ಬಲ್ಬು, ಒಂದು ಪ್ಲಗ್, ಕುಡಿಯುವ ನೀರು ಅಂದಿರುತ್ತಾರೆ. ಒಂದು ಕಡೆ ಬಲ್ಬು ಸಂಜೆ ಎಂಟಕ್ಕೆ ಬಂತು. ಅಷ್ಟರಲ್ಲಿ ನಾವು ಮನೆಯಿಂದ ಒಯ್ದ ಚಾರ್ಜಿಂಗ್ ಲೈಟ್‌ನಲ್ಲೇ ಅರ್ಧ ವ್ಯಾಪಾರ ಮುಗಿಸಿದ್ದೆವು. ಬಲ್ಬಿಗಿಂತ ದೊಡ್ಡ ವಿಷಯ ಹೆಣ್ಣುಮಕ್ಕಳಿಗೆ ಶೌಚಾಲಯ. ದುಡ್ಡು ಕಟ್ಟುವ ಮೊದಲೇ ಅದು ಎಲ್ಲಿದೆ, ನೀರು ಇದೆಯಾ, ರಾತ್ರಿ ಬೆಳಕು ಇರುತ್ತದಾ ಅಂತ ಕೇಳಿ. ನಾಚಿಕೆ ಬೇಡ. ಹತ್ತು ತಾಸು ನೀರು ಕುಡಿಯದೆ ಕೂತು ವ್ಯಾಪಾರ ಮಾಡುವವರನ್ನು ನಾನು ನೋಡಿದ್ದೇನೆ, ಮರುದಿನ ಜ್ವರ ಬಂದು ಮಲಗಿದ್ದೂ ನೋಡಿದ್ದೇನೆ. ಎಲ್ಲ ಸ್ಟಾಲಿನ ಹೆಣ್ಣುಮಕ್ಕಳು ಒಟ್ಟಿಗೆ ಹೋಗಿ ಕೇಳಿದರೆ ಮಾತ್ರ ಅವರು ಮೊಬೈಲ್ ಟಾಯ್ಲೆಟ್ ತರಿಸುತ್ತಾರೆ.

ಶನಿವಾರ ರಾತ್ರಿ ಮಾಲು ಅಲ್ಲೇ ಬಿಡಬೇಕಾ ಅನ್ನುವುದು ಇನ್ನೊಂದು ಪ್ರಶ್ನೆ. ಬೇಳೆ ಪಾಕೀಟು, ಡಬ್ಬಿಗಳನ್ನು ಟ್ರಂಕಿನಲ್ಲಿ ಬೀಗ ಹಾಕಿ ಬಿಡಬಹುದು, ಕಾವಲಿನವರು ಇರುತ್ತಾರೆ. ರೊಟ್ಟಿ ಬಿಡಬಾರದು. ಜನವರಿಯ ರಾತ್ರಿ ಇಬ್ಬನಿ ಬಿದ್ದರೆ ಗಾಳಿಯಲ್ಲೇ ಪಸೆ ಇರುತ್ತದೆ, ಬೆಳಿಗ್ಗೆ ನೋಡಿದರೆ ಬಿಚ್ಚಿಟ್ಟ ರೊಟ್ಟಿ ಚರ್ಮದಂತೆ ಬಾಗುತ್ತದೆ. ಮತ್ತೆ ಹಂಚಿಗೆ ಹಾಕಿದರೆ ಖಡಕ್ ಆಗುತ್ತದೆ ನಿಜ, ಆದರೆ ರವಿವಾರ ಬೆಳಿಗ್ಗೆ ಹಂಚು ಹಿಡಿದು ಕೂರಲು ಯಾರಿಗೆ ಪುರುಸೊತ್ತು?

ಇನ್ನು ಗಿರಾಕಿ ಯಾರು ಅನ್ನುವುದಕ್ಕೆ ಬರುತ್ತೇನೆ. ಸ್ಟಾಲ್ ಹಾಕುವ ಮೊದಲು ಎಲ್ಲರ ಹಾಗೆ ನನ್ನ ತಲೆಯಲ್ಲಿದ್ದದ್ದು ಕಾಲೇಜು ಹುಡುಗರು, ಆರೋಗ್ಯ ಅಂತ ಓಡಾಡುವವರು, ಸಕ್ಕರೆ ಕಾಯಿಲೆಯವರು. ಅವರೂ ಬರುತ್ತಾರೆ, ಸಿರಿಧಾನ್ಯದ ಬಗ್ಗೆ ತುಂಬ ಮಾತಾಡುತ್ತಾರೆ, ಒಂದು ಪಾಕೀಟು ಒಯ್ಯುತ್ತಾರೆ. ಕಟ್ಟು ಕಟ್ಟಿಸಿಕೊಂಡು ಒಯ್ಯುವವರು ಬೇರೆ. ಐವತ್ತು ದಾಟಿದ ಗಂಡ ಹೆಂಡತಿ, ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ ಹೈದರಾಬಾದಲ್ಲೋ. ಮನೆಯಲ್ಲಿ ಇಬ್ಬರೇ. ಅವರಿಗೆ ಬೇಕಾದ ಬಿಸಿ ರೊಟ್ಟಿ ಮನೆಯಲ್ಲೇ ಆಗುತ್ತದೆ. ಖಡಕ್ ರೊಟ್ಟಿ ಕೊಳ್ಳುವುದು ಮಕ್ಕಳಿಗೆ ಕಳಿಸಲು.

ಇದು ಗೊತ್ತಾದ ಮೇಲೆ ನಮ್ಮ ಸ್ಟಾಲೇ ಬದಲಾಯಿತು. ಮೊದಲು ಬೋರ್ಡಿನಲ್ಲಿ ಆರೋಗ್ಯಕರ, ಪೌಷ್ಟಿಕ, ಸಾಂಪ್ರದಾಯಿಕ ಅಂತೆಲ್ಲ ಬರೆಸಿದ್ದೆವು. ಈಗ ಒಂದೇ ಸಾಲು: ಊರಿಗೆ ಕಳಿಸಲು ಗಟ್ಟಿಯಾಗಿ ಕಟ್ಟಿಕೊಡುತ್ತೇವೆ. ಒಂದು ರಟ್ಟಿನ ಡಬ್ಬಿ, ಒಳಗೆ ಎರಡು ಡಜನ್ ರೊಟ್ಟಿ, ನಡುವೆ ಹಿಂಡಿ ಡಬ್ಬಿಗಳು, ಸಂದಿಗೆ ತೊಗರಿ ಬೇಳೆ ಪಾಕೀಟು ತುರುಕಿದರೆ ಅಲುಗಾಡುವುದಿಲ್ಲ, ಹಗ್ಗದಿಂದ ಕಟ್ಟಿ ಮೇಲೆ ಹಿಡಿಕೆ. ಬಸ್ಸಿಗೂ ಸೈ, ರೈಲಿಗೂ ಸೈ.

ಒಬ್ಬರು ಯಜಮಾನರು ಬಂದಿದ್ದರು, ಬಿಳಿ ಅಂಗಿ, ಧೋತರ, ಹೆಗಲ ಮೇಲೆ ಶಲ್ಯ. ಮಗಳು ಬೆಂಗಳೂರಲ್ಲಿ, ಮರುದಿನ ಬೆಳಿಗ್ಗೆ ರೈಲು. 2024ರಲ್ಲಿ ಶುರುವಾದ ವಂದೇ ಭಾರತ್‌ನಲ್ಲಿ ಹೋಗುವವರು.

"ರೊಟ್ಟಿ ಮುರೀತಾವೇನ್ ತಾಯಿ?"

"ಮಲಗಿಸಿ ಒಯ್ಯಿರಿ ಯಜಮಾನ್ರೆ, ಮುರಿಯಂಗಿಲ್ಲ. ಸೀಟಿನ ಕೆಳಗ ಇಡಬ್ಯಾಡ್ರಿ, ಕಾಲು ತಾಗ್ತಾವ."

"ತೊಡಿ ಮ್ಯಾಲ ಇಟ್ಕೋತೀನಿ ಬಿಡು." ಆಮೇಲೆ ತಗ್ಗಿದ ದನಿಯಲ್ಲಿ, "ಅಕಿಗಿ ಗುರೆಳ್ಳು ಹಿಂಡಿ ಸೇರ್ತದ. ಅಳಿಯಗ ಸೇರಂಗಿಲ್ಲ. ಎರಡು ಡಬ್ಬಿ ಗುರೆಳ್ಳು, ಒಂದು ಶೇಂಗಾ ಹಾಕು."

ಬೆಲೆ ಕೇಳಲೇ ಇಲ್ಲ. ಅವರ ಹಿಂದೆ ನಿಂತಿದ್ದ ಹುಡುಗ 120ರ ಡಜನ್ ಅನ್ನು 90ಕ್ಕೆ ಕೊಡಿ ಅಂತ ಹತ್ತು ನಿಮಿಷ ಜಗ್ಗಾಡಿ, ಕೊನೆಗೆ ಒಂದು ರೊಟ್ಟಿ ಕೊಂಡು ಅಲ್ಲೇ ತಿಂದು ಹೋದ. ಅವನ ಮೇಲೂ ನನಗೆ ಸಿಟ್ಟಿಲ್ಲ. ಹಾಸ್ಟೆಲ್ ಹುಡುಗ, ತಿನ್ನುವ ರೀತಿ ನೋಡಿದರೇ ಗೊತ್ತಾಗುತ್ತಿತ್ತು, ಕೈಗೆ ಇನ್ನೊಂದಿಷ್ಟು ಹಿಂಡಿ ಹಾಕಿ ಕಳಿಸಿದೆ.

ಲೆಕ್ಕ ಹೇಳದಿದ್ದರೆ ಇದು ಬರೀ ಕತೆ ಆಗುತ್ತದೆ. ಎರಡು ದಿನದ ಸ್ಟಾಲ್ ಬಾಡಿಗೆ 3000, ಟಂಟಂ ಹೋಗಿ ಬರಲು 1000, ಸಂಜೆ ಕೈಜೋಡಿಸುವ ಹುಡುಗಿಗೆ 800, ಚೀಲ, ರಟ್ಟು, ಚಹಾ, ಊಟ ಅಂತ ಇನ್ನೊಂದು 1200. ಸುಮಾರು 6000 ಖರ್ಚು. 10 ರೂಪಾಯಿಯ ರೊಟ್ಟಿಯಲ್ಲಿ ಹಿಟ್ಟು, ಗ್ಯಾಸು, ಬಡಿದವರ ಕೂಲಿ, ಪಾಕೀಟು ಹೋಗಿ ಉಳಿಯುವುದು ಒಂದು ರೂಪಾಯಿ ಚಿಲ್ಲರೆ. 500 ರೊಟ್ಟಿ ಹೋದರೆ 600 ರೂಪಾಯಿ ಸಿಕ್ಕೀತು. ಕೂಲಿಯಲ್ಲಿ ಕಡಿಮೆ ಮಾಡಿದರೆ ಜಾಸ್ತಿ ಉಳಿಯುತ್ತದೆ ಅಂತ ಸಲಹೆ ಕೊಟ್ಟವರಿದ್ದಾರೆ, ಅವರನ್ನು ಒಂದು ದಿನ ಹಂಚಿನ ಮುಂದೆ ಕೂರಿಸಬೇಕು. 200 ಗ್ರಾಂ ಹಿಂಡಿ ಡಬ್ಬಿಯಲ್ಲಿ 30ರ ಮೇಲೆ ಎರಡು ರೂಪಾಯಿ ಉಳಿಯುತ್ತದೆ. ಅಂದರೆ ಖರ್ಚು ಹೊರಡಲು 170 ಡಬ್ಬಿ ಹೋಗಬೇಕು, ಅದಾದ ಮೇಲಿನದ್ದು ನಮ್ಮದು. ಒಳ್ಳೆಯ ಮೇಳದಲ್ಲಿ 200 ದಾಟುತ್ತದೆ, ಮಳೆ ಗಾಳಿ ಬಂದರೆ ನೂರಕ್ಕೇ ನಿಲ್ಲುತ್ತದೆ. ಹಾಗಾಗಿ ರೊಟ್ಟಿ ತೋರಿಸಿ ಹಿಂಡಿ ಮಾರುವುದು ನಮ್ಮ ದಂಧೆ ಅಂತ ವೈನಿ ನಗುತ್ತಾಳೆ.

ತೊಗರಿ ಬೇಳೆಯದು ಇನ್ನೂ ತಮಾಷೆ. 2019ರಲ್ಲಿ ನಮ್ಮ ಜಿಲ್ಲೆಯ ಬೇಳೆಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು, ಹೊರಗಿನವರು ಹೆಸರು ಕೇಳಿಯೇ ಕೊಳ್ಳುತ್ತಾರೆ. ಆದರೆ ಊರವರಿಗೆ ಬೇಳೆಯ ರೇಟು ನಮಗಿಂತ ಚೆನ್ನಾಗಿ ಗೊತ್ತು, ಪ್ರತಿಯೊಬ್ಬರಿಗೂ ಒಬ್ಬ ದಾಲ್ ಮಿಲ್ ಪರಿಚಯದವರು ಇದ್ದೇ ಇರುತ್ತಾರೆ. ಕೆಜಿಗೆ ಹತ್ತು ರೂಪಾಯಿ ಉಳಿದರೆ ದೊಡ್ಡದು, ಹೊರುವ ಭಾರ ಮಾತ್ರ ಎಲ್ಲಕ್ಕಿಂತ ಜಾಸ್ತಿ. ಪಾರ್ಸಲ್ ಡಬ್ಬಿಗೆ ಬೇಕು ಅಂತ ಇಟ್ಟಿದ್ದೇವೆ, ಅಷ್ಟೇ.

ನಿಜವಾದ ದುಡ್ಡು ಸೋಮವಾರದಿಂದ ಶುರುವಾಗುತ್ತದೆ. ಪ್ರತಿ ಡಬ್ಬಿಯ ಮೇಲೆ ಫೋನ್ ನಂಬರ್ ದೊಡ್ಡದಾಗಿ ಅಂಟಿಸಿರುತ್ತೇವೆ. ವಾರ ಕಳೆದ ಮೇಲೆ ಬೆಂಗಳೂರಿನಿಂದ ಯಾರದೋ ಮಗಳು, ಪುಣೆಯಿಂದ ಯಾರದೋ ರೂಮ್‌ಮೇಟು ಫೋನ್ ಮಾಡಿ, "ಆಂಟಿ, ಅಪ್ಪ ತಂದಿದ್ರು, ಮತ್ತೆ ಕಳಿಸ್ತೀರಾ?" ಅಂತ ಕೇಳುತ್ತಾರೆ. ಅದಕ್ಕೆ ಸ್ಟಾಲ್ ಬಾಡಿಗೆ ಇಲ್ಲ, ಟಂಟಂ ಇಲ್ಲ, ಗಣ್ಯರಿಲ್ಲ. ಮೇಳದಲ್ಲಿ ಖರ್ಚಿಗೆ ಸರಿಹೋದರೂ ನಾವು ಬಿಡದೆ ಹೋಗುವುದು ಈ ಫೋನ್‌ಗಳಿಗಾಗಿ. ಹೊಸದಾಗಿ ಸ್ಟಾಲ್ ಹಾಕುವವರು ಎರಡು ದಿನದ ಗಲ್ಲೆ ಎಣಿಸಿ ಬೇಸರ ಮಾಡಿಕೊಂಡು ಬಿಟ್ಟುಬಿಡಬೇಡಿ, ಒಂದು ತಿಂಗಳು ಫೋನ್ ನೋಡಿ. ಒಂದೂ ಬರದಿದ್ದರೆ ಆಗ ರುಚಿಯಲ್ಲೋ ಕಟ್ಟುವುದರಲ್ಲೋ ಏನೋ ಸರಿ ಇಲ್ಲ.

ಈ ಚಳಿಗಾಲಕ್ಕೆ ಅಗಸಿ ಹಿಂಡಿ ಜಾಸ್ತಿ ಮಾಡುತ್ತಿದ್ದೇವೆ, ಕೇಳುವವರು ಹೆಚ್ಚಾಗಿದ್ದಾರೆ. ಬೇಳೆ ಅರ್ಧಕ್ಕೆ ಇಳಿಸುತ್ತೇವೆ. ಸಜ್ಜಿ ರೊಟ್ಟಿ ಎಳ್ಳಮವಾಸ್ಯೆಯ ಆಸುಪಾಸಿನ ಮೇಳಕ್ಕೆ ಮಾತ್ರ, ಆಮೇಲೆ ಯಾರೂ ಕೇಳುವುದಿಲ್ಲ. ಸ್ಟಾಲ್ ಹಾಕುವವರು ಯಾರಾದರೂ ಇದ್ದರೆ ನಮ್ಮ ಪಕ್ಕದಲ್ಲೇ ಹಾಕಿ, ತಾಡಪತ್ರಿ ಕಟ್ಟಲು ಒಂದು ಕೈ ಜಾಸ್ತಿ ಆಗುತ್ತದೆ. ಚಿಲ್ಲರೆ ಮಾತ್ರ ನೀವೇ ತನ್ನಿ.